ಕಾಲರಿಗೆ ಅಂಟಿಸಿದ ಬಾಣ

ಹೋದ ಭಾನುವಾರ ಸಿಂಚನ ನಡುಮನೆಯಲ್ಲಿ ಚಾಪೆ ಹಾಸಿ, ಸುತ್ತಲೂ ಬಣ್ಣಬಣ್ಣದ ಕಾರ್ಡುಗಳನ್ನು ಹರಡಿಕೊಂಡು ಕೂತಿದ್ದಳು. ಯಶವಂತಾ, ನೀನು ತುಮಕೂರಿನ ಹಾಸ್ಟೆಲಿನಲ್ಲಿದ್ದೀಯ, ನಿನಗೂ ತಿಳಿಯಲೆಂದು ಮೊದಲಿನಿಂದ ಹೇಳುತ್ತೇನೆ. ನಿನ್ನ ಅಕ್ಕ ಕೆಲಸ ಮಾಡುವುದು ವಿಮಾನ ನಿಲ್ದಾಣದ ಹತ್ತಿರದ ಒಂದು ಗೋಡೌನಿನಲ್ಲಿ. ಅಲ್ಲಿ ಪೆಟ್ಟಿಗೆ ಕಟ್ಟುವವರು, ಗಾಡಿಗೆ ತುಂಬುವವರು, ಗುಡಿಸುವವರು ಎಲ್ಲರೂ ಮನಸ್ಸಿಟ್ಟು ದುಡಿಯುವ ಹಾಗೆ ನೋಡಿಕೊಳ್ಳುವುದು ಅವಳ ಕೆಲಸವಂತೆ. ಮನಸ್ಸನ್ನು ಹೇಗೆ ನೋಡಿಕೊಳ್ಳುತ್ತೀಯೇ ಎಂದು ಕೇಳಿದ್ದಕ್ಕೆ ಕಾರ್ಡು ತೋರಿಸಿದಳು.

"ಒಬ್ಬೊಬ್ರಿಗೂ ಅವ್ರು ಏನು ಚೆನ್ನಾಗಿ ಮಾಡಿದ್ರು ಅಂತ ಬರೆದು ಕೊಡ್ತೀವಿ ಅಜ್ಜಿ. ಎಲ್ರಿಗೂ ಒಂದೇ ಥ್ಯಾಂಕ್ಸ್ ಹೇಳಿದ್ರೆ ಯಾರ ಮನಸ್ಸಿಗೂ ಹೋಗಲ್ಲ. ಸುಮ್ನೆ ಕೂತಿದ್ದೀಯಲ್ಲ, ಬಾ, ಈ ಸ್ಟಿಕ್ಕರ್ ಅಂಟಿಸ್ಕೊಡು."

ನಕ್ಷತ್ರದ ಹಾಳೆ, ಹೂವಿನ ಹಾಳೆ, ಚಪ್ಪಾಳೆ ತಟ್ಟುವ ಕೈಗಳ ಹಾಳೆ ಇದ್ದವು. ಅವನ್ನೆಲ್ಲ ಅಂಟಿಸುತ್ತಾ ಹೋದೆ. ಕೊನೆಯ ಹಾಳೆ ಕೈಗೆ ತೆಗೆದುಕೊಂಡರೆ, ಕಿರುಬೆರಳಿನ ಉಗುರಷ್ಟು ಉದ್ದದ ಕೆಂಪು ಬಾಣಗಳು. ಒಂದನ್ನು ಕಿತ್ತೆ. ಅದರ ಅಂಟಿನ ವಾಸನೆ ಮೂಗಿಗೆ ಬಂತು ನೋಡಿ, ಹೆಬ್ಬೆರಳು ಅಲ್ಲೇ ನಿಂತುಬಿಟ್ಟಿತು.

"ಅದು ಒಳ್ಳೆ ಸಾಲು ಎಲ್ಲಿದೆಯೋ ಅಲ್ಲಿಗೆ ತೋರ್ಸೋ ಹಂಗೆ ಹಾಕು ಅಜ್ಜಿ."

"ಕಣ್ಣು ಕಾಣಲ್ಲ ಕಣಮ್ಮ" ಎಂದು ಎದ್ದು ಅಡಿಗೆಮನೆಗೆ ಹೋದೆ. ಅವರೆಕಾಯಿ ಬಿಡಿಸುವುದಿತ್ತು.

ಸುಳ್ಳು. ನನಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಆ ಸುಳ್ಳಿಗೆ ನಾನು ಕಣ್ಣನ್ನೇ ಹುಡುಕಿಕೊಂಡೆನಲ್ಲ ಎಂದು ಅವರೆಕಾಯಿ ಮುಂದೆ ಕೂತ ಮೇಲೆ ಹೊಳೆಯಿತು. ಯಾಕೆಂದು ಬಾಯಲ್ಲಿ ಹೇಳಲಾರೆ, ಅದಕ್ಕೇ ಈ ನೋಟ್‌ಬುಕ್ಕು.

ಬಾಯಲ್ಲಿ ಹೇಳಲಾರೆ ಎಂಬುದು ನನ್ನ ಹುಟ್ಟಿನಿಂದ ಬಂದ ಕಾಯಿಲೆ. ಊರ ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗಿದರೆ ನನ್ನ ಬದಲು ಪಕ್ಕದವಳು "ಬಂದವ್ಳೆ ಸಾ" ಎನ್ನುತ್ತಿದ್ದಳು. ಮದುವೆಯಾಗಿ ಈ ಮನೆಗೆ ಬಂದ ದಿನ, ಗಂಡನ ಹೆಸರು ಹೇಳಿದರೇ ಒಳಗೆ ಬಿಡುವುದು ಎಂದು ಹೆಂಗಸರು ಹೊಸಲಿಗೆ ಅಡ್ಡ ನಿಂತರು. ಎಲ್ಲ ಹೆಣ್ಣುಮಕ್ಕಳೂ ನಾಚಿಕೊಂಡು ಎರಡು ನಿಮಿಷಕ್ಕೆ ಹೇಳುತ್ತಾರೆ. ನಾನು ಹೇಳಲಿಲ್ಲ. ಊಟದ ಎಲೆ ಹಾಕುವವರೆಗೂ ಹೊರಗೇ ನಿಂತಿದ್ದೆ. ಕೊನೆಗೆ ನಿಮ್ಮ ತಾತನೇ ಬಂದು "ನನ್ನ ಹೆಸರು ನಾನೇ ಹೇಳ್ತೀನಿ, ಬಿಡ್ರಮ್ಮಾ ಒಳಗೆ" ಎಂದು ಹೇಳಿ ಕರೆದುಕೊಂಡು ಹೋದರು. ಅವರು ಇದ್ದಷ್ಟು ದಿನ ನನ್ನ ಪಾಲಿನ ಮಾತನ್ನೂ ಅವರೇ ಆಡಿದರು.

ಅವರು ಹೋದಾಗ ನಿಮ್ಮಪ್ಪ ಆರನೇ ಕ್ಲಾಸಿನಲ್ಲಿದ್ದ. ವರ್ಷ ತುಂಬಿದ ಮೇಲೆ ನಾನು ದೊಡ್ಡಬಳ್ಳಾಪುರದ ಹತ್ತಿರ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಸೇರಿದೆ. ಬೆಳಿಗ್ಗೆ ನಮ್ಮೂರು ರಾಜಘಟ್ಟಕ್ಕೆ ವ್ಯಾನು ಬರುತ್ತಿತ್ತು. ಕೂರಲು ಜಾಗ ಸಿಕ್ಕಿದರೆ ಆವತ್ತು ಹಬ್ಬ. ನನಗೆ ಮಿಷನ್ ತುಳಿಯಲು ಬರುತ್ತಿರಲಿಲ್ಲ. ಆದರೆ ಏಳನೇ ಕ್ಲಾಸು ಪಾಸಾಗಿದ್ದೆ, ಕಣ್ಣು ಚುರುಕಾಗಿತ್ತು, ಆದ್ದರಿಂದ ಚೆಕ್ಕರ್ ಮಾಡಿದರು.

ಚೆಕ್ಕರ್ ಎಂದರೆ ತಪ್ಪು ಹುಡುಕುವವಳು. ಹೊಲಿದ ಅಂಗಿ ನಮ್ಮ ಟೇಬಲ್ಲಿಗೆ ಬರುತ್ತದೆ. ಎಲ್ಲಿ ಹೊಲಿಗೆ ಹಾರಿದೆ, ಎಲ್ಲಿ ಎಣ್ಣೆ ಕಲೆಯಾಗಿದೆ ಎಂದು ನೋಡಿ, ಆ ಜಾಗಕ್ಕೆ ಮೊನೆ ಮಾಡಿ ಒಂದು ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಬೇಕು. ಅಷ್ಟೇ. ಮಾತೇ ಬೇಡ. ನನಗೆಂದು ದೇವರೇ ಹುಡುಕಿಕೊಟ್ಟ ಕೆಲಸ ಅಂದುಕೊಂಡಿದ್ದೆ. ಬಾಣ ಬಿದ್ದ ಅಂಗಿ ಹೊಲಿದವಳ ಮಿಷನ್ನಿಗೆ ವಾಪಸ್ಸು ಹೋಗುತ್ತಿತ್ತು. ಅವಳು ಹೊಲಿಗೆ ಬಿಚ್ಚಿ, ಸರಿಮಾಡಿ, ಆ ಬಾಣವನ್ನು ಕಿತ್ತು ತನ್ನ ಮಿಷನ್ನಿನ ತಲೆಯ ಮೇಲೆ ಅಂಟಿಸಿಕೊಳ್ಳಬೇಕು. ಅದು ನಮ್ಮ ಲೈನಿನ ಪದ್ಧತಿ. ಸಂಜೆ ಸೂಪರ್‌ವೈಸರ್ ಚಂದ್ರಪ್ಪ ಒಂದು ಸುತ್ತು ಬಂದರೆ ಯಾರ ಮಿಷನ್ನು ಎಷ್ಟು ಕೆಂಪಾಗಿದೆ ಎಂದು ದೂರದಿಂದಲೇ ಕಾಣುತ್ತಿತ್ತು. ಕೆಲವು ಹೆಣ್ಣುಮಕ್ಕಳು ಮನೆಗೆ ಹೋಗುವ ಮುಂಚೆ ಆ ಬಾಣಗಳನ್ನು ಉಗುರಿನಲ್ಲಿ ಕೆರೆಯುತ್ತಾ ನಿಂತಿರುತ್ತಿದ್ದರು. ಅಂಟು ಪೂರ್ತಿ ಹೋಗುತ್ತಿರಲಿಲ್ಲ.

ನಮ್ಮ ಲೈನಿನಲ್ಲಿ ಕಾಲರ್ ಹೊಲಿಯುತ್ತಿದ್ದವಳು ಮುನಿಲಕ್ಷ್ಮಿ. ಆವತಿ ಊರಿನವಳು, ನನಗಿಂತ ಚಿಕ್ಕವಳು. ಎತ್ತರದ ಆಳು, ಜೋರು ಬಾಯಿ. ಅವಳು ಊಟದ ಡಬ್ಬಿ ತೆರೆದರೆ ಹತ್ತು ಕೈ ಅದರೊಳಗೆ ಹೋಗುತ್ತಿದ್ದವು. ನನ್ನನ್ನು ಕಂಡರೆ "ನಮ್ಮ ಚೆಕ್ಕರಕ್ಕ ಇವತ್ತು ಮೂರು ಮಾತಾಡೈತೆ ಕಣ್ರೇ, ಮಳೆ ಬತ್ತದೆ" ಎಂದು ರೇಗಿಸುವಳು. ನಾನು ನಗುತ್ತಿದ್ದೆ. ಅದೇ ನನ್ನ ಉತ್ತರ.

ಅಂಗಿಯಲ್ಲಿ ಕಾಲರೇ ಕಷ್ಟ. ಒಳಮುಖ ಮಾಡಿ ಹೊಲಿದು ಆಮೇಲೆ ತಿರುವಬೇಕು. ತಿರುವಿದರೆ ಎರಡು ತುದಿಗಳೂ ಒಂದೇ ಸಮ, ಒಂದೇ ಚೂಪು ಬರಬೇಕು. ಅವಸರದವರು ಕತ್ತರಿಯ ಮೊನೆಯಲ್ಲಿ ತುದಿಯನ್ನು ಹೊರಗೆ ನೂಕಿ ಬಟ್ಟೆ ತೂತು ಮಾಡುತ್ತಿದ್ದರು. ಮುನಿಲಕ್ಷ್ಮಿ ಒಂದು ಬಿದಿರಿನ ಕಡ್ಡಿಯನ್ನು ತಾನೇ ಕೆತ್ತಿ, ಗಾಜಿನ ಚೂರಿನಲ್ಲಿ ಹೆರೆದು ನುಣ್ಣಗೆ ಮಾಡಿ ಇಟ್ಟುಕೊಂಡಿದ್ದಳು. ಅದನ್ನು ಒಳಗೆ ತೂರಿಸಿ ಒಂದು ಸಲ ಮೆಲ್ಲಗೆ ತಿರುಗಿಸಿದರೆ ಎಳೆ ಮಾವಿನೆಲೆಯ ತುದಿಯ ಹಾಗೆ ಕಾಲರಿನ ಮೂಲೆ ಹೊರಗೆ ಬರುತ್ತಿತ್ತು. ಅವಳ ಮಿಷನ್ನಿನ ತಲೆಯ ಮೇಲೆ ಆಯುಧಪೂಜೆಯ ಕುಂಕುಮ ಬಿಟ್ಟರೆ ಬೇರೆ ಕೆಂಪೇ ಇರಲಿಲ್ಲ. ಅಲ್ಲಿಯವರೆಗೆ ಅವಳ ಕಾಲರಿಗೆ ಬಾಣ ಹಾಕುವ ಕಾರಣ ಒಂದು ದಿನವೂ ಸಿಕ್ಕಿರಲಿಲ್ಲ.

ಒಂದು ವರ್ಷ ಬೆಂಗಳೂರಿನಿಂದ ಸಿಬ್ಬಂದಿ ವಿಭಾಗಕ್ಕೆ ಹೊಸ ಮೇಡಮ್ ಒಬ್ಬರು ಬಂದರು. ಸಿಂಚನಳನ್ನು ಆ ಕಾರ್ಡುಗಳ ನಡುವೆ ನೋಡಿದಾಗ ನನಗೆ ಅವರದೇ ನೆನಪು. ನಿಜವಾಗಿ ಒಳ್ಳೆಯವರು. ಹೆಂಗಸರು ಯಂತ್ರಗಳಲ್ಲ, ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕಾಣಬೇಕು ಎಂದು ಅವರ ಆಸೆ. ಮೊದಲು ಎಲ್ಲರ ಹುಟ್ಟುಹಬ್ಬ ಮಾಡೋಣ ಎಂದು ರಿಜಿಸ್ಟರಿನಿಂದ ಹುಟ್ಟಿದ ದಿನ ತೆಗೆಸಿದರು. ನೋಡಿದರೆ ನಮ್ಮಲ್ಲಿ ಮುಕ್ಕಾಲು ಪಾಲು ಜನ ಹುಟ್ಟಿದ್ದು ಜೂನ್ ಒಂದನೇ ತಾರೀಖು! ಊರ ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಯಾವುದೆಂದರೆ ಅಪ್ಪಂದಿರಿಗೆ ಗೊತ್ತಿರಲಿಲ್ಲ, ಮೇಷ್ಟ್ರು ಶಾಲೆ ಬಾಗಿಲು ತೆರೆದ ದಿನವನ್ನೇ ಬರೆದುಕೊಂಡಿದ್ದರು. ಮೇಡಮ್‌ಗೆ ಅದು ಹೇಗೆ ಗೊತ್ತಾಗಬೇಕು? ಆಶ್ಚರ್ಯದಿಂದ "ಇದು ಹೇಗೆ?" ಎಂದರು. ಮುನಿಲಕ್ಷ್ಮಿ ಎದ್ದು ನಿಂತು, "ಅವತ್ತು ನಮ್ ಮೇಷ್ಟ್ರಿಗೆ ನೋವು ಬಂದಿತ್ತು ಮೇಡಮ್, ಎಲ್ರನ್ನೂ ಒಂದೇ ಸಲ ಹೆತ್ಬಿಟ್ರು" ಎಂದಳು. ಇಡೀ ಹಾಲು ನಕ್ಕಿತು. ಜೂನ್ ಒಂದಕ್ಕೆ ಕೇಕು ತರಿಸಿದರು. ಅಷ್ಟು ಜನಕ್ಕೆ ಹಂಚಿದಾಗ ಒಬ್ಬೊಬ್ಬರಿಗೆ ಅಂಗಿಯ ಗುಂಡಿಯಷ್ಟು ಬಂತು. ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಚಂದ್ರಪ್ಪ ಬಾಗಿಲಲ್ಲಿ ನಿಂತು, "ಹುಟ್ಟಿದ್ದು ಸಾಕು, ಮಿಷನ್ ಹತ್ರ ಹೋಗ್ರಮ್ಮಾ" ಎಂದ.

ಮೇಡಮ್ ಸೋಲಲಿಲ್ಲ. ಮುಂದಿನ ವಾರ ಚೆಕ್ಕರುಗಳನ್ನು ಮಾತ್ರ ಕರೆಸಿ ಕೂರಿಸಿಕೊಂಡರು. "ಎಲ್ಲರ ಕೈಕೆಲಸ ದಿನಾ ನೋಡೋರು ನೀವೇ. ತಪ್ಪನ್ನು ಹೇಗೂ ತೋರಿಸ್ತೀರಿ. ದಿನಕ್ಕೊಬ್ಬರಿಗೆ ಒಂದು ಒಳ್ಳೆ ಮಾತು ಹೇಳಿ. ಸುಮ್ಮನೆ ಚೆನ್ನಾಗಿದೆ ಅನ್ನಬೇಡಿ, ಏನು ಚೆನ್ನಾಗಿದೆ ಅಂತ ಹೇಳಿ. ಅವರಿಗೆ ಅಂತಲೇ ಹೇಳಿದ ಹಾಗಿರಬೇಕು."

ಆ ಮಾತು ನನಗೆ ಹಿಡಿಸಿತು. ಹೇಳುವುದಿದ್ದರೆ ಮೊದಲು ಮುನಿಲಕ್ಷ್ಮಿಗೇ ಹೇಳಬೇಕು ಎಂದುಕೊಂಡೆ. ಬೆಳಿಗ್ಗೆ ವ್ಯಾನಿನಲ್ಲಿ ನಿಂತು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡೆ. ಮೊದಲ ದಿನ ಅವಳ ಮಿಷನ್ನಿನವರೆಗೆ ಹೋಗಿ, "ಸೂಜಿ ಇದೆಯಾ?" ಎಂದು ಕೇಳಿ ವಾಪಸ್ಸು ಬಂದೆ. ಎರಡನೇ ದಿನವೂ ಸೂಜಿಯನ್ನೇ ಕೇಳಿದೆ. ಮೂರನೇ ದಿನ ಅವಳೇ ನನ್ನನ್ನು ಕಂಡು, ನಾನು ಬಾಯಿ ತೆರೆಯುವ ಮುಂಚೆಯೇ ಸೂಜಿ ಚಾಚಿ, "ಏನಕ್ಕಾ, ಅಂಗಡಿ ಇಡ್ತೀಯಾ?" ಎಂದಳು.

ನಾಲ್ಕನೇ ದಿನ ಬಿಳಿ ಅಂಗಿಗಳ ಬಂಡಲ್ ಬಂತು. ಮೊದಲನೆಯ ಅಂಗಿಯ ಕಾಲರು ನೋಡಿ ನನ್ನ ಕೈ ನಿಂತಿತು. ಹೇಗಿತ್ತು ಎಂಬುದನ್ನು ಆಮೇಲೆ ಹೇಳುತ್ತೇನೆ. ಮಾತು ಬರುವುದಿಲ್ಲ, ಕೈಯಲ್ಲಿರುವುದು ಬಾಣದ ಹಾಳೆ. ಒಂದು ಬಾಣ ಕಿತ್ತು ಆ ಕಾಲರಿನ ತುದಿಗೆ ಮೊನೆ ಮಾಡಿ ಅಂಟಿಸಿಬಿಟ್ಟೆ. ನನ್ನ ಲೆಕ್ಕಾಚಾರ ಹೀಗಿತ್ತು: ಅಂಗಿ ಅವಳ ಹತ್ತಿರ ಹೋಗುತ್ತದೆ, ಅವಳು ನೋಡುತ್ತಾಳೆ, ತಪ್ಪೇನೂ ಸಿಗುವುದಿಲ್ಲ, ತಲೆಯೆತ್ತಿ ನನ್ನ ಕಡೆ ನೋಡುತ್ತಾಳೆ. ಆಗ ನಾನು ನಗುತ್ತೇನೆ. ಇಷ್ಟು ಚೆನ್ನಾಗಿರುವ ಕಾಲರಿಗೆ ಬಾಣ ಹಾಕಿದರೆ ಅದು ಮೆಚ್ಚಿಗೆಯಲ್ಲದೆ ಇನ್ನೇನು? ಅವಳಿಗೆ ಅರ್ಥವಾಗದೆ ಇರುತ್ತದೆಯೇ?

ಅವಳು ತಲೆಯೆತ್ತಿ ನೋಡಿರಬಹುದು. ಆ ಹೊತ್ತಿಗೆ ನಾನು ಅಲ್ಲಿರಲಿಲ್ಲ. ಇಸ್ತ್ರಿ ವಿಭಾಗದಲ್ಲಿ ಚೆಕ್ಕರ್ ಬೇಕೆಂದು ಕರೆದರು, ಹೋಗಿದ್ದೆ. ತಿರುಗಿ ಬಂದಾಗ ಮುನಿಲಕ್ಷ್ಮಿಯ ಮಿಷನ್ನಿನ ಮೇಲೆ ಕುಂಕುಮದ ಪಕ್ಕದಲ್ಲಿ ನನ್ನ ಬಾಣವಿತ್ತು. ಚಂದ್ರಪ್ಪ ಅಲ್ಲೇ ನಿಂತಿದ್ದ.

"ಏನಮ್ಮಾ ಮುನಿಲಕ್ಷ್ಮಿ, ನಿನ್ನ ಮಿಷನ್ನಿಗೂ ದೃಷ್ಟಿಬೊಟ್ಟು ಬಿತ್ತಾ?"

ಸುತ್ತಲಿನವರು ನಕ್ಕರು. ಅವನು ಕೆಟ್ಟವನಲ್ಲ, ತಮಾಷೆಗೇ ಅಂದದ್ದು. ಮುನಿಲಕ್ಷ್ಮಿ ಅದಕ್ಕೆ ಎರಡರಷ್ಟು ತಿರುಗಿ ಹೇಳುವವಳು. ಅವತ್ತು ಹೇಳಲಿಲ್ಲ. ತಲೆ ಬಗ್ಗಿಸಿಕೊಂಡು ಕಾಲರಿನ ಹೊಲಿಗೆ ಬಿಚ್ಚುತ್ತಿದ್ದಳು. ಆ ಒಳ್ಳೆಯ ಕಾಲರು ಅವಳ ತೊಡೆಯ ಮೇಲೆ ಎರಡು ತುಂಡಾಗಿ ಬಿದ್ದಿತ್ತು.

ಊಟದ ಹೊತ್ತಿಗೆ ನಲ್ಲಿಯ ಹತ್ತಿರ ಡಬ್ಬಿ ತೊಳೆಯುತ್ತಿದ್ದಾಗ ನನ್ನ ಪಕ್ಕಕ್ಕೆ ಬಂದಳು. ದನಿ ತಗ್ಗಿಸಿ ಕೇಳಿದಳು.

"ಅಕ್ಕಾ, ಆ ಕಾಲರ್‌ನಲ್ಲಿ ಏನಿತ್ತು?"

ಮಕ್ಕಳೇ, ಇಡೀ ಬದುಕಿನಲ್ಲಿ ಒಂದು ನಿಮಿಷವನ್ನು ವಾಪಸ್ಸು ಕೊಡುತ್ತೇನೆಂದು ಯಾರಾದರೂ ಬಂದರೆ ನಾನು ಕೇಳುವುದು ಆ ನಿಮಿಷವನ್ನು. ನಿಮ್ಮ ತಾತನ ಕೊನೆಯ ನಿಮಿಷವನ್ನೂ ಅಲ್ಲ. ಏನೂ ಇರಲಿಲ್ಲ, ಚೆನ್ನಾಗಿತ್ತು ಅಂತ ಅಂಟಿಸಿದೆ ಎನ್ನಬೇಕಿತ್ತು. ನಾಲ್ಕು ಮಾತು. ಆದರೆ ಹಿಂದೆ ಇಬ್ಬರು ಕೈ ತೊಳೆಯಲು ಕಾಯುತ್ತಿದ್ದರು. ತಪ್ಪಿಲ್ಲದ ಅಂಗಿಗೆ ಬಾಣ ಹಾಕಿದ ಚೆಕ್ಕರ್ ಎಂದು ನನ್ನನ್ನು ಆಡಿಕೊಳ್ಳುತ್ತಾರೆ ಎನಿಸಿತು. ಅದಕ್ಕಿಂತ ಹೆಚ್ಚಾಗಿ, ಆ ಹೊಗಳಿಕೆಯನ್ನು ಅವಳ ಮುಖ ನೋಡಿಕೊಂಡು ಹೇಳಲು ನಾಚಿಕೆಯಾಯಿತು. ಹೌದು, ಬರೀ ನಾಚಿಕೆ.

"ತುದೀಲಿ ಒಂದು ನೂಲು ಆಚೀಚೆ ಇತ್ತು" ಎಂದೆ.

"ನಂಗೆ ಕಾಣ್ಲೇ ಇಲ್ವಲ್ಲ ಅಕ್ಕಾ." ನಲ್ಲಿಯ ನೀರು ಸುಮ್ಮನೆ ಹೋಗುತ್ತಿತ್ತು. "ಬೆಳಕಿಗೆ ಹಿಡಿದು ನೋಡ್ದೆ. ತಿರುಗ್ಸಿ ತಿರುಗ್ಸಿ ನೋಡ್ದೆ. ಕಾಣ್ಲಿಲ್ಲ. ನಮ್ಮಮ್ಮಂಗೂ ನನ್ನ ವಯಸ್ಸಲ್ಲೇ ಕಣ್ಣು ಹೋಗಿದ್ದು. ಹಿಂಗೇ ಶುರುವಾಗಿದ್ದು, ಅಕ್ಕಿಯಾಗಿನ ಕಲ್ಲು ಕಾಣ್ತಿರಲಿಲ್ಲ. ಯಾರ್ಗೂ ಹೇಳ್ಬೇಡ ಅಕ್ಕಾ, ನಿನ್ ಕಾಲಿಗೆ ಬೀಳ್ತೀನಿ."

ಯಾರಿಗೂ ಹೇಳಬೇಡ ಎಂದು ಅವಳು ಬೇಡಿಕೊಂಡದ್ದು ಯಾರನ್ನು ನೋಡಿ! ನಾನು ಯಾರಿಗೂ ಹೇಳಲಿಲ್ಲ.

ಅವತ್ತಿನಿಂದ ಅವಳು ಒಂದೊಂದು ಕಾಲರನ್ನೂ ಎರಡೆರಡು ಸಲ ನೋಡತೊಡಗಿದಳು. ಹೊಲಿಯುವುದು, ಕಿಟಕಿಯ ಕಡೆ ಎತ್ತಿ ಹಿಡಿಯುವುದು, ಬೆರಳಾಡಿಸುವುದು, ಮತ್ತೆ ಎತ್ತಿ ಹಿಡಿಯುವುದು. ಅವಳ ಮುಂದೆ ಬಂಡಲುಗಳು ಗುಡ್ಡೆ ಬೀಳತೊಡಗಿದವು. ಮುಂದಿನ ಮಿಷನ್ನಿನವರು ಕೈಕಟ್ಟಿ ಕೂತರು. ಚಂದ್ರಪ್ಪ ಈಗ ತಮಾಷೆ ಮಾಡುತ್ತಿರಲಿಲ್ಲ, ಕೂಗುತ್ತಿದ್ದ. ಕೂಗಿದರೆ ಅವಳು ಅವಸರಕ್ಕೆ ಬಿದ್ದು ನಿಜವಾಗಿಯೂ ಹೊಲಿಗೆ ಸೊಟ್ಟಗಾಗುತ್ತಿತ್ತು. ಆಗ ನಾನು ಬಾಣ ಹಾಕಲೇಬೇಕಾಗುತ್ತಿತ್ತು. ಹಾಕಿದೆ. ಕುಂಕುಮದ ಬೊಟ್ಟು ಬಾಣಗಳ ಕೆಳಗೆ ಮುಚ್ಚಿಹೋಯಿತು.

ಹೇಳೋಣವೆಂದು ದಿನಾ ಹೊರಡುತ್ತಿದ್ದೆ. ವ್ಯಾನಿನಲ್ಲಿ ತುಟಿಯಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದುದರಿಂದ ಪಕ್ಕದವರು ನಾನು ದೇವರ ನಾಮ ಹೇಳಿಕೊಳ್ಳುತ್ತೇನೆ ಎಂದು ತಿಳಿದು ಭಕ್ತಿಯಿಂದ ಜಾಗ ಬಿಡುತ್ತಿದ್ದರು. ದಿನ ಕಳೆದಷ್ಟೂ ಹೇಳಬೇಕಾದದ್ದು ದೊಡ್ಡದಾಗುತ್ತಾ ಹೋಯಿತು. ಮೊದಲ ದಿನ ಅದು ಒಂದು ಮೆಚ್ಚಿಗೆಯ ಮಾತಾಗಿತ್ತು. ಒಂದು ವಾರಕ್ಕೆ ಅದು ಕ್ಷಮೆ ಕೇಳುವ ಮಾತಾಯಿತು. ತಿಂಗಳು ಕಳೆದ ಮೇಲೆ ನಾನು ಮಾಡಿದ್ದು ಏನೆಂದು ಒಪ್ಪಿಕೊಳ್ಳುವ ಮಾತಾಯಿತು. ಅಷ್ಟು ದೊಡ್ಡದನ್ನು ಹೊರಗೆ ತರುವ ಬಾಯಿ ನನಗಿರಲಿಲ್ಲ.

ಮುನಿಲಕ್ಷ್ಮಿ ತಾನೇ ಹೋಗಿ ಕೇಳಿಕೊಂಡು ನೂಲು ಕತ್ತರಿಸುವ ಕೆಲಸಕ್ಕೆ ಹೋದಳು. ಅದು ಹೊಸದಾಗಿ ಸೇರಿದವರ ಕೆಲಸ. ಕೆಲವು ತಿಂಗಳಾದ ಮೇಲೆ ಅದನ್ನೂ ಬಿಟ್ಟಳು. ಕೊನೆಯ ದಿನ ನನ್ನ ಟೇಬಲ್ಲಿನ ಹತ್ತಿರ ಬಂದು ಆ ಬಿದಿರು ಕಡ್ಡಿಯನ್ನು ನನ್ನ ಕೈಗಿಟ್ಟು, "ನಿನ್ ಹತ್ರ ಇರ್ಲಿ ಅಕ್ಕಾ. ನಿನ್ ಕಣ್ಣು ಒಳ್ಳೇದು" ಎಂದಳು. ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ. ಮೇಡಮ್ ಅಷ್ಟರಲ್ಲಿ ಬೇರೆ ಕಂಪನಿಗೆ ಹೋಗಿದ್ದರು. ತಾವು ಹೇಳಿಕೊಟ್ಟ ಒಳ್ಳೆಯ ಮಾತು ಎಲ್ಲಿ ಹೋಗಿ ನಾಟಿತೆಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಲಂಗಕ್ಕೆ ಲಾಡಿ ಏರಿಸುವಾಗ "ಅಜ್ಜಿ, ಕಡ್ಡಿ ಕೊಡು" ಎಂದು ಸಿಂಚನ ಕೇಳುತ್ತಾಳಲ್ಲ, ಅದೇ ಕಡ್ಡಿ.

ಗುರುವಾರ ಅದನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ನಿಮ್ಮಮ್ಮನಿಗೆ ದೇವಸ್ಥಾನಕ್ಕೆ ಎಂದು ಹೇಳಿದ್ದೆ. ಹೆಂಗಸರಿಗೆ ಬಸ್ಸು ಪುಕ್ಕಟೆ ತಾನೇ, ಆಧಾರ್ ಕಾರ್ಡು ತೋರಿಸಿದರೆ ಆಯಿತು. ಆವತಿಯಲ್ಲಿ ಇಳಿದರೆ ರಾಗಿ ಹೊಲಗಳಿದ್ದ ಕಡೆ ಕಲ್ಲು ನೆಟ್ಟು ಸೈಟು ಮಾಡಿದ್ದಾರೆ. ಮನೆ ಹೇಗೆ ಹುಡುಕುವುದೆಂದು ಹೆದರಿದ್ದೆ. ಟೀ ಅಂಗಡಿಯವನು "ಯಾವ ಮುನಿಲಕ್ಷ್ಮಮ್ಮ, ಗಾರ್ಮೆಂಟ್ಸ್ ಮುನಿಲಕ್ಷ್ಮಮ್ಮನಾ?" ಎಂದು ಬೀದಿ ತೋರಿಸಿದ. ಬಿಟ್ಟು ಇಷ್ಟು ವರ್ಷವಾದರೂ ಊರಿನಲ್ಲಿ ಅವಳ ಹೆಸರು ಅದೇ.

ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದಳು. ಕಾಯಿಯನ್ನು ನೋಡುತ್ತಿರಲಿಲ್ಲ, ಮುಖ ಬೀದಿಯ ಕಡೆಗಿತ್ತು. ನಾನು ಎದುರಿಗೆ ನಿಂತರೂ ಆ ಮುಖ ಅಲುಗಲಿಲ್ಲ. ಆಗ ಗೊತ್ತಾಯಿತು.

"ಯಾರು?"

"ನಾನು... ಫ್ಯಾಕ್ಟ್ರಿಯೋಳು. ಚೆಕ್ಕರ್."

"ಚೆಕ್ಕರಕ್ಕನಾ?" ಎಂದು ತಲೆ ಓರೆ ಮಾಡಿದಳು. "ದನಿ ಕೇಳಿದ್ರೆ ಗುರುತು ಸಿಗಲ್ಲ ನೋಡು. ನೀನು ಯಾವತ್ತು ಮಾತಾಡಿದ್ದೆ?"

ಕಡ್ಡಿಯನ್ನು ಅವಳ ಕೈಗೆ ಇಟ್ಟೆ. ಹೆಬ್ಬೆರಳಿನಿಂದ ತುದಿ ಸವರಿದಳು. ಗುರುತು ಸಿಕ್ಕಿತು. "ಕೂತ್ಕೋ ಅಕ್ಕಾ" ಎಂದಳು.

ಕೂತು ಹೇಳಿದೆ. ಹೇಗೆ ಹೇಳಿದೆನೋ. ಅವಳಿಗೆ ನನ್ನ ಮುಖ ಕಾಣುವುದಿಲ್ಲವೆಂಬ ಧೈರ್ಯವೇ ಬಾಯಿ ತೆರೆಸಿತೇನೋ, ಇದನ್ನು ಬರೆಯಲೂ ನಾಚಿಕೆ. ಸೂಜಿ ಕೇಳಿದ ಮೂರು ದಿನದಿಂದ ಹಿಡಿದು ನಲ್ಲಿಯ ಹತ್ತಿರದ ಸುಳ್ಳಿನವರೆಗೆ ಹೇಳಿದೆ. ಅವಳ ಕೈ ಕಾಯಿ ಬಿಡಿಸುತ್ತಲೇ ಇತ್ತು.

"ಹಂಗಾದ್ರೆ ತಪ್ಪೇ ಇರ್ಲಿಲ್ವಾ?"

"ಇರ್ಲಿಲ್ಲ."

"ನೂಲು?"

"ಇರ್ಲಿಲ್ಲ ಕಣಮ್ಮ."

ಅವಳು ಇನ್ನೊಂದು ಕಾಯಿ ಬಿಡಿಸಿ ಮೊರಕ್ಕೆ ಹಾಕಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. "ಕೆಲಸ ಬಿಟ್ಟ ವರ್ಷ ನಮ್ಮೂರ ಸ್ಕೂಲಿಗೆ ಕಣ್ಣು ನೋಡೋ ಡಾಕ್ಟ್ರು ಬಂದಿದ್ರು. ನೋಡಿ, ನಿಂಗೇನಾಗಿಲ್ಲಮ್ಮ, ಕಣ್ಣು ಚೆನ್ನಾಗೈತೆ ಅಂದ್ರು. ನಾನು ನಂಬ್ಲಿಲ್ಲ. ಇವರಿಗೇನ್ ಗೊತ್ತು, ನಮ್ ಚೆಕ್ಕರಕ್ಕಂಗೆ ಕಂಡ ನೂಲು ನಂಗೆ ಕಾಣ್ಲಿಲ್ವಲ್ಲ ಅಂದ್ಕೊಂಡೆ. ಮನೇಲಿ ಮಿಷನ್ ಇತ್ತು, ಅದನ್ನೂ ಮಾರಿಸ್ದೆ. ಕಣ್ಣು ನಿಜವಾಗ್ಲೂ ಹೋಗಿದ್ದು ಮೊನ್ನೆ ಮೊನ್ನೆ ಅಕ್ಕಾ. ಅಷ್ಟು ವರ್ಷ ಚೆನ್ನಾಗೇ ಇತ್ತು. ನಾನೇ ಹೊಲೀಲಿಲ್ಲ."

ಒಳಗಿನಿಂದ ಅವಳ ಸೊಸೆ ಕಾಫಿ ತಂದಿಟ್ಟು ಹೋದಳು.

"ಹೇಳು ಈಗ" ಎಂದಳು ಮುನಿಲಕ್ಷ್ಮಿ. "ಹೆಂಗಿತ್ತು ಆ ಕಾಲರು?"

ಅವಳಿಗೆ ತೋರಿಸುವ ಹಾಗಿಲ್ಲ. ಅಂಟಿಸುವ ಹಾಗಿಲ್ಲ. ನಕ್ಕರೆ ಕಾಣುವುದಿಲ್ಲ. ಬಾಯೊಂದೇ ಉಳಿದಿತ್ತು. ಹೇಳಿದೆ. ಅಂಚಿನ ಹೊಲಿಗೆ ಒಂದು ಕಡೆಯೂ ಒಳಗೆ ಹೊರಗೆ ಹೋಗದೆ ಇರುವೆ ಸಾಲಿನ ಹಾಗೆ ನಡೆದಿತ್ತು. ಮೂಲೆಗೆ ಬಂದಾಗ ಸೂಜಿ ನಿಂತು, ತಿರುಗಿ, ಮತ್ತೆ ಹೊರಟ ಜಾಗ ಗೊತ್ತೇ ಆಗುತ್ತಿರಲಿಲ್ಲ. ತುದಿ ಚೂಪಾಗಿದ್ದರೂ ಬೆರಳಿಗೆ ಚುಚ್ಚುತ್ತಿರಲಿಲ್ಲ. ಒಳಗೆ ಬಟ್ಟೆ ಮುದ್ದೆಯಾಗಿರಲಿಲ್ಲ. ಮಡಿಸಿ ಎರಡು ತುದಿಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆ, ಕೆಳಗಿನದು ಕಾಣಲಿಲ್ಲ. ಆ ಅಂಗಿ ಹಾಕಿಕೊಳ್ಳುವವನು ಯಾವ ದೇಶದವನೋ, ಅವನಿಗೆ ಇದರ ಬೆಲೆ ಗೊತ್ತಾಗುವುದಿಲ್ಲವಲ್ಲ ಎಂದು ನನಗೆ ಹೊಟ್ಟೆ ಉರಿಯಿತು ಎಂದೆ.

ಅವಳ ಕೈ ಯಾವಾಗಲೋ ನಿಂತಿತ್ತು.

"ಬಲಗಡೆ ತುದೀನೂವಾ?"

"ಅದೂ ಎಡಗಡೇದರ ಥರಾನೇ."

"ಬಲಗಡೇದು ನಂಗೆ ಯಾವಾಗ್ಲೂ ಒಸಿ ಕಷ್ಟ" ಎಂದು, ಕಡ್ಡಿಯ ತುದಿಯನ್ನು ಗಾಳಿಯಲ್ಲೇ ಒಂದು ಸಲ ಮೆಲ್ಲಗೆ ತಿರುಗಿಸಿದಳು. ಆಮೇಲೆ ಕಡ್ಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೊರ ಹತ್ತಿರ ಎಳೆದುಕೊಂಡಳು.

"ಆವತ್ತೇ ಹೇಳ್ಬೇಕಿತ್ತು ಅಕ್ಕಾ."

ಅಷ್ಟೇ ಅಂದಳು. ಇನ್ನೊಂದು ಸಲ ಬಾ ಎನ್ನಲಿಲ್ಲ. ಬರಬೇಡ ಎಂದೂ ಎನ್ನಲಿಲ್ಲ. ನಾನು ಕಾಫಿ ಕುಡಿದು ಬಸ್ಸಿಗೆ ಬಂದೆ. ಮನಸ್ಸು ಹಗುರವಾಯಿತೇ ಎಂದು ಕೇಳಬೇಡಿ. ಇಷ್ಟು ವರ್ಷ ನಾನು ಹೊತ್ತದ್ದು ನನ್ನ ಅಳತೆಯಲ್ಲಿತ್ತು, ಈಗ ಅವಳು ಕಳೆದುಕೊಂಡದ್ದರ ಅಳತೆಯೂ ಗೊತ್ತಾಯಿತು.

ಸಿಂಚನಾ, ನಿನ್ನ ಕಾರ್ಡುಗಳು ಚೆನ್ನಾಗಿವೆ. ಬಾಣದ ಹಾಳೆಯನ್ನು ನಾನು ಎತ್ತಿಟ್ಟಿದ್ದೇನೆ, ಹುಡುಕಬೇಡ. ಕಾರ್ಡು ಕೊಡುವಾಗ ಅದರಲ್ಲಿ ಬರೆದದ್ದನ್ನು ಅವರ ಎದುರಿಗೆ ನಿಂತು ನೀನೇ ಓದಿ ಹೇಳಮ್ಮ. ಅವರ ಮುಖ ನೋಡು. ಅರ್ಥವಾಗದಿದ್ದರೆ ಅಲ್ಲೇ ಇನ್ನೊಂದು ಸಲ ಹೇಳು, ಬೇರೆ ಕಡೆ ಹೋಗಬೇಡ.

ನಿನಗೆ ಬುದ್ಧಿ ಹೇಳುವ ಮುಂಚೆ ನಾನೂ ಮಾಡಿ ನೋಡಬೇಕಲ್ಲ ಎಂದು ನಿನ್ನೆ ಮಧ್ಯಾಹ್ನ ಊಟಕ್ಕೆ ಕೂತಾಗ ನಿರ್ಧಾರ ಮಾಡಿದೆ. ನಿಮ್ಮಮ್ಮ ಸವಿತ ಎಂದಿನಂತೆ ಮುದ್ದೆ ಕಟ್ಟಿ ನನ್ನ ತಟ್ಟೆಗೆ ಹಾಕಿ, ತನ್ನ ತಟ್ಟೆ ಇಟ್ಟುಕೊಂಡು ಎದುರಿಗೆ ಕೂತಳು. ಅವಳು ಈ ಮನೆಗೆ ಬಂದ ದಿನದಿಂದ ನಾನು ತಿನ್ನುತ್ತಿರುವುದು ಅವಳ ಕೈಯ ಮುದ್ದೆ. ಉಪ್ಪು ಕಡಿಮೆಯಾದಾಗ ಹೇಳಿದ್ದೇನೆ, ಸಾರು ನೀರಾದಾಗ ಹೇಳಿದ್ದೇನೆ. ಮಿಕ್ಕ ದಿನಗಳಲ್ಲಿ ಸುಮ್ಮನೆ ಉಂಡು ಎದ್ದಿದ್ದೇನೆ.

"ಸವಿತಾ" ಎಂದೆ. "ಮುದ್ದೆ ನುಣ್ಣಗಿದೆ. ಒಂದು ಗಂಟೂ ಇಲ್ಲ."

ಅವಳ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ಮುಖ ಚಿಕ್ಕದಾಯಿತು.

"ಯಾಕತ್ತೆ? ಏನಾಗೈತೆ ಮುದ್ದೇಲಿ?" ಎಂದು, ತನ್ನ ತಟ್ಟೆಯ ಮುದ್ದೆಯನ್ನು ನಡುವೆ ಮುರಿದು, ಬೆರಳಿನಿಂದ ಒತ್ತಿ ಒತ್ತಿ ಗಂಟು ಹುಡುಕತೊಡಗಿದಳು.

ನಾನು ಎದ್ದು ಹೋಗಲಿಲ್ಲ. ಅವಳು ಹುಡುಕುವುದನ್ನು ನಿಲ್ಲಿಸುವವರೆಗೂ ಅದನ್ನೇ ಹೇಳುತ್ತಾ ಕೂತಿದ್ದೆ.